ತಳ ಕಾಣುವ ತನಕ ಪಾಚಿ

ನಾನು ಹೋದ ಕಡೆ ಇಂಥವು ನಡೆಯುತ್ತವೋ, ಇಂಥವು ನಡೆಯುವ ಕಡೆಗೇ ನನ್ನ ಕಾಲುಗಳು ತಾವಾಗಿ ಹೋಗುತ್ತವೋ, ಇವತ್ತಿನವರೆಗೂ ತಿಳಿದಿಲ್ಲ. ಐದನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಲಾರಿಯ ಕ್ಲೀನರ್ ಆಗಿದ್ದೆ. ಸೊಲ್ಲಾಪುರದಲ್ಲಿ ಚಾದರದ ಗಂಟು ಹೊತ್ತೆ. ಗೋವಾದ ಹೋಟೆಲೊಂದರಲ್ಲಿ ತಾಟು ತೊಳೆಯಲು ಸೇರಿ, ತಾಟು ಬೇಸರ ಬಂದು ಈಜುಕೊಳ ತೊಳೆಯುವುದನ್ನು ಕಲಿತೆ. ಅದೂ ಬೇಸರ ಬಂದಾಗ ಊರ ಕಡೆ ತಿರುಗಿ ವಿಜಯಪುರದ ಜೋರಾಪುರ ಪೇಟೆಯಲ್ಲಿ ಒಂದು ಖೋಲಿ ಹಿಡಿದೆ. ಬಂದು ನೋಡಿದರೆ ಇಲ್ಲೂ ಈಜುಕೊಳಗಳು ಎದ್ದಿದ್ದವು. ಟ್ಯಾಂಕರಿನ ಹಾದಿ ಕಾಯುವ ಸೀಮೆಯಲ್ಲಿ ಈಜುವ ನೀರಿಗೆ ಬೋರ್ಡು ಹಾಕಿದ್ದರು. ನೀರು ಇದ್ದ ಮೇಲೆ ಪಾಚಿ, ಪಾಚಿ ಇದ್ದ ಮೇಲೆ ಅದನ್ನು ತೆಗೆಯುವವನು ಬೇಕಲ್ಲ.

ಒಂದೇ ಕೊಳದಲ್ಲಿ ಒಂದೇ ಬೇಸಿಗೆಯಲ್ಲಿ ನಡೆದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ. ಯಾರ ಹೆಸರೂ ಬರೆಯುವುದಿಲ್ಲ. ಎಲ್ಲರ ಮನೆಯಲ್ಲೂ ನಾನು ಉಂಡಿದ್ದೇನೆ.

೧. ಮೊದಲನೇ ಗಿರಾಕಿ

ತಿಕೋಟಾದಿಂದ ಬಿಜ್ಜರಗಿ ಕಡೆ ಹೋಗುವ ದಾರಿಯಲ್ಲಿ ಒಬ್ಬ ದ್ರಾಕ್ಷಿ ಬೆಳೆಗಾರರು ತಮ್ಮ ಹೊಲದ ಒಂದು ಮಗ್ಗುಲಿಗೆ ಈಜುಕೊಳ ಕಟ್ಟಿಸಿದ್ದರು. ಬಿಸಿಲಿಗೆ ಬೆಂದ ವಿಜಯಪುರದ ಹುಡುಗರು ಬಂದು ಟಿಕೇಟು ತಗೊಂಡು ಈಜಲಿ ಅಂತ. ಮೊದಲನೇ ವರ್ಷ ಜನ ಬಂದಿದ್ದರು. ಎರಡನೇ ವರ್ಷ ಫಿಲ್ಟರ್ ಮುನಿಸಿಕೊಂಡಿತು. ಮಾಲಕರು ನನಗೆ ಫೋನ್ ಮಾಡಿ, "ನೀರ ಒಂದೀಟ ಹಸರಾಗೈತ್ರಿ, ಬಂದು ನೋಡ್ರಿ" ಅಂದರು.

ಹೋದೆ. ಬೋರ್ಡು ಕಂಡಿತು, ಬಟ್ಟೆ ಬದಲಿಸುವ ಖೋಲಿ ಕಂಡಿತು, ಕಬ್ಬಿಣದ ನಿಚ್ಚಣಿಕೆಯ ಎರಡು ಹಿಡಿಕೆ ನೆಲದಿಂದ ಎದ್ದಿದ್ದು ಕಂಡಿತು. ಕೊಳ ಮಾತ್ರ ಕಾಣಲಿಲ್ಲ.

"ಪೂಲ್ ಎಲ್ಲೈತ್ರಿ?" ಅಂದೆ.

"ನೀವು ಅದರ ದಂಡಿಗೇ ನಿಂತೀರಿ. ಒಂದ ಹೆಜ್ಜಿ ಹಿಂದ ಸರೀರಿ" ಅಂದರು.

ಮೆಂತ್ಯೆ ಸೊಪ್ಪು ಹಾಕಿ ಕುದಿಸಿ ಆರಲು ಇಟ್ಟ ಬೇಳೆಯ ಹಾಗೆ ಇತ್ತು. ಮೇಲೆ ಕೆನೆ ಕಟ್ಟಿತ್ತು. ಮೊದಲ ವಾರ ಗಿರಾಕಿಗಳಿಗೆ ಮಾಲಕರು, ಅದು ದ್ರಾಕ್ಷಿ ಪಡದ, ಅಂದರೆ ತೋಟದ, ನೆರಳು ಬಿದ್ದ ಬಣ್ಣ ಅಂತ ಹೇಳಿದ್ದರಂತೆ. ಎರಡನೇ ವಾರ, ಮೈಗೆ ಒಳ್ಳೆಯದು, ತುರಿಕೆ ಹೋಗುತ್ತದೆ ಅಂದಿದ್ದರು. ಮೂರನೇ ವಾರ ಹೇಳಿಸಿಕೊಳ್ಳಲು ಯಾರೂ ಬಂದಿರಲಿಲ್ಲ.

ಅಷ್ಟರಲ್ಲಿ ಅವರ ತಾಯಿ ಬಂದರು. ಇವರನ್ನು ಅಲ್ಲಿ ಎಲ್ಲರೂ ದೊಡ್ಡವ್ವ ಅನ್ನುತ್ತಾರೆ. ಕೊಳದ ಕಡೆ ನೋಡದೆ ನನ್ನ ಕಡೆ ನೋಡಿ ಹೇಳಿದರು: "ತಮ್ಮಾ, ಚಾಟ್ನಿ ಮಾಡಿ ಕತ್ತರಿಸಿದ ಬಳ್ಳಿ ಅಲ್ಲಿ ನೀರಿಲ್ಲದ ಬಾಯಿ ತಕ್ಕೊಂಡ ನಿಂತಾವ. ಈ ಮನಷ್ಯಾ ಇಲ್ಲಿ ಕಪ್ಪಿ ಈಜಾಕ ನೀರ ಹಿಡದ ಕುಂತಾನ. ಬಸವ ಜಯಂತಿ ದಿನ ನಾ ಬಂದ ಈ ದಂಡಿಗೆ ನಿಂದರ್ತೀನಿ. ತಳಾ ಕಂಡ್ರ ಈಜ್ರಿ. ಕಾಣಲಿಲ್ಲಂದ್ರ ಪೈಪ ಒಗದು ನೀರೆಲ್ಲಾ ಪಡಕ್ಕ ಬಿಡ್ತೀನಿ. ಅವತ್ತಿನಿಂದ ಇದು ನನ್ನ ಹೊಂಡ."

ಅವರು ಅತ್ತ ಹೋದ ಮೇಲೆ ಮಾಲಕರು ಸಣ್ಣ ದನಿಯಲ್ಲಿ ಅಂದರು: "ಹೊಲ ಅಪ್ಪಂದು, ಪಡಾ ಅಪ್ಪಂದು, ಟ್ರ್ಯಾಕ್ಟರ್ ಸೈತ ಅಪ್ಪಂದು. ಯಾರನ್ನೂ ಕೇಳದ ನಾ ಮಾಡಿದ್ದು ಇದೊಂದ ನೋಡ್ರಿ. ಇದೂ ಹೋದ್ರ, ಅಕಿ ಜೀವ ಇರೋತನಕ ಅದನ್ನೇ ಅಂತಾಳ."

ಅವರ ಮಾತು ಮುಗಿಯುವಷ್ಟರಲ್ಲಿ ಹಿಂದಿನ ಬೇಲಿಯಿಂದ ಯಾರದೋ ಆಡೊಂದು ನುಗ್ಗಿತು. ಬೇಸಿಗೆಯಲ್ಲಿ ಅಷ್ಟು ಹಸಿರನ್ನು ಅದು ಹುಟ್ಟಿದಾಗಿಂದ ನೋಡಿರಲಿಕ್ಕಿಲ್ಲ. ಎರಡೂ ಮುಂಗಾಲು ಅದರ ಮೇಲೆ ಇಟ್ಟಿತು, ಕಾಣದಾಯಿತು. ವಾಚಮನ್ ಚಾಚಾ ಬೋರಲು ಮಲಗಿ ಕೋಡು ಹಿಡಿದು ಎಳೆದರು. ಗಡ್ಡಕ್ಕೆ ಪಾಚಿ ಜೋತುಹಾಕಿಕೊಂಡು ಆಡು ಹೊರಗೆ ಬಂದು, ಎಲ್ಲರನ್ನೂ ಒಮ್ಮೆ ನೋಡಿ, ಮೈ ಕೊಡವಿಕೊಂಡು ಬೇಲಿ ಕಡೆ ನಡೆಯಿತು.

ದೊಡ್ಡವ್ವ ಪಡದ ಕಡೆಯಿಂದಲೇ ಕೇಳಿದರು: "ಈ ವರ್ಷದ ಮೊದಲನೇ ಗಿರಾಕಿ. ಟಿಕೇಟ್ ಹರದಿರಿಲ್ಲ?"

೨. ಗ್ವಾಡಿಯೊಳಗಿನ ಫಿಲ್ಟರ್

ಫಿಲ್ಟರ್ ಅಂದರೆ ದೊಡ್ಡ ವಿದ್ಯೆ ಏನಲ್ಲ. ಒಂದು ದೊಡ್ಡ ಹಂಡೆಯಂಥ ಡಬ್ಬಿ, ಅದರ ತುಂಬ ಉಸುಕು. ಪಂಪು ಹೊಲಸು ನೀರನ್ನು ಮೇಲಿಂದ ದಬ್ಬುತ್ತದೆ, ಉಸುಕು ಹೊಲಸನ್ನು ಹಿಡಿದುಕೊಂಡು ಕೆಳಗಿನಿಂದ ಸ್ವಚ್ಛ ನೀರು ಬಿಡುತ್ತದೆ.

ಈ ಫಿಲ್ಟರ್ ಹಸಿರು ತಗೊಂಡು ಹಸಿರೇ ಕೊಡುತ್ತಿತ್ತು. ಪಂಪು ಚಾಲೂ ಮಾಡಿದರೆ ಒತ್ತಡ ತೋರಿಸುವ ಮೀಟರಿನ ಮುಳ್ಳು ಇದ್ದಲ್ಲಿಂದ ಅಲುಗಾಡಲಿಲ್ಲ. ಬೋಲ್ಟು ಬಿಚ್ಚಿ ಮುಚ್ಚಳ ತೆಗೆದು ಇಣುಕಿದೆ. ಒಳಗೆ ಒಂದು ಹಲ್ಲಿ ಇತ್ತು. ಉಸುಕು ಇರಲಿಲ್ಲ.

"ಉಸುಕ ಎಲ್ಲಿ ಹೋತ್ರಿ?" ಅಂದೆ.

ಮಾಲಕರು ಚಾಚಾನ ಮುಖ ನೋಡಿದರು. ಚಾಚಾ ಬಟ್ಟೆ ಬದಲಿಸುವ ಖೋಲಿಯ ಗೋಡೆ ನೋಡಿದರು. ಹೊಸದಾಗಿ ಸಿಮೆಂಟು ಬಳಿದು ಗಿಲಾವು ಮಾಡಿದ ಗೋಡೆ. ಕೈ ಆಡಿಸಿದರೆ ಬೆಣ್ಣೆಯ ಹಾಗೆ ಜಾರುತ್ತಿತ್ತು.

ಚಳಿಗಾಲದಲ್ಲಿ ಫಿಲ್ಟರ್ ತೊಳೆಯಬೇಕು ಅಂತ ಮಾಲಕರೇ ಉಸುಕನ್ನು ಹೊರಗೆ ಸುರಿಸಿ ಒಣಗಲು ಹಾಕಿದ್ದರಂತೆ. ಆ ವಾರವೇ ಗಿಲಾವು ಮಾಡುವ ಗೌಂಡಿ ಬಂದಿದ್ದಾನೆ. ಸೋಸಿ, ತೊಳೆದು, ಒಣಗಿಸಿ ಇಟ್ಟ ಉಸುಕನ್ನು ಅವನು ಜೀವಮಾನದಲ್ಲಿ ಯಾರ ಮನೆಯಲ್ಲೂ ಕಂಡಿರಲಿಲ್ಲ. ತನಗಾಗಿಯೇ ಇಟ್ಟಿದ್ದಾರೆ ಅಂತ ಮನಸು ತುಂಬಿ ಬಂದು, ಹೇಳಿದ್ದಕ್ಕಿಂತ ಒಂದು ಗೋಡೆ ಹೆಚ್ಚೇ ಮಾಡಿಕೊಟ್ಟು ಹೋಗಿದ್ದ.

ಅವನನ್ನು ಕರೆಸಿದರು. ಬಂದವನೇ ಯಾರ ಮುಖವನ್ನೂ ನೋಡದೆ ಗೋಡೆ ತಟ್ಟಿ ತಟ್ಟಿ ನೋಡಿದ.

"ಒಂದ ಬಿರುಕ ತೋರಿಸ್ರಿ. ತಿಕೋಟಾದಾಗ ಇಂಥಾ ಗಿಲಾವ ಯಾರೂ ಮಾಡಿಲ್ಲ."

"ಅದು ಫಿಲ್ಟರಿನ ಉಸುಕೋ ಮಾರಾಯಾ" ಅಂದರು ಮಾಲಕರು.

"ನಾನೂ ಅದ ಅಂದ್ಕೊಂಡೆ ನೋಡ್ರಿ, ಇದು ಎಲ್ಲಾರ ಮನ್ಯಾಗಿರೂ ಉಸುಕಲ್ಲ ಅಂತ."

"ಈಗ ನನ್ನ ನೀರ ಹೆಂಗ ಸೋಸ್ಲಿ?"

ಗೌಂಡಿ ಗೋಡೆಯನ್ನೊಮ್ಮೆ ನೋಡಿದ, ಕೊಳವನ್ನೊಮ್ಮೆ ನೋಡಿದ. ನಿಜವಾಗಿಯೂ ವಿಚಾರ ಮಾಡಿದ. ಆಮೇಲೆ ಹೇಳಿದ: "ಈ ಕಡಿಯಿಂದ ಗ್ವಾಡಿಗೆ ನೀರ ಎರಚತಾ ಇರ್ರಿ. ಆ ಕಡಿ ಹೊರಬಿದ್ದದ್ದು ಸ್ವಚ್ಛನ ಇರತೈತಿ."

೩. ಬಬಲೇಶ್ವರದ ಉಸುಕು

ಹೊಸ ಉಸುಕು ಬೇಕಾಯಿತು. ಹಳ್ಳದ ಉಸುಕು ನಡೆಯುವುದಿಲ್ಲ, ಮಣ್ಣು ಇರುತ್ತದೆ. ಸ್ಟೇಷನ್ ರಸ್ತೆಯಲ್ಲಿ ಪಂಪು, ಪೈಪು ಮಾರುವ ಅಂಗಡಿಗಳನ್ನೆಲ್ಲ ಸುತ್ತಿದೆ. ಒಬ್ಬರು, ಪುಣೆಯಿಂದ ತರಿಸಬೇಕು, ಹಬ್ಬ ಆದ ಮೇಲೆ ಬರುತ್ತದೆ ಅಂದರು. ಹಬ್ಬ ಆದ ಮೇಲೆ ಬಂದರೆ ಅದನ್ನು ಹಾಕಲು ಕೊಳವೇ ಇರುವುದಿಲ್ಲ ಅಂತ ಅವರಿಗೆ ಹೇಗೆ ಹೇಳುವುದು.

ಮಾಲಕರ ಹೆಂಡತಿ ಉಪಾಯ ಹೇಳಿದರು. ಬಬಲೇಶ್ವರದಲ್ಲಿ ಅವರ ತವರುಮನೆ. ಅಲ್ಲಿಯೂ ದ್ರಾಕ್ಷಿ, ಅಲ್ಲಿಯೂ ಹನಿ ನೀರಿನ ಡ್ರಿಪ್ಪು. ಡ್ರಿಪ್ಪಿನ ಫಿಲ್ಟರಿಗೆ ಹಾಕುವ ಉಸುಕಿನ ಚೀಲಗಳು ಒಡೆಯದೆ ಬಿದ್ದಿವೆ. ಟಮ್‌ಟಮ್ ಗಾಡಿ ಬಾಡಿಗೆಗೆ ಮಾಡಿಕೊಂಡು ನಾನು ಹೋದೆ.

ಮಾಲಕರ ಅತ್ತೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ವಿಷಯ ಕೇಳಿ, ಕೈ ನಿಲ್ಲಿಸದೆ ಅಂದರು: "ಅಳಿಯಾರಿಗೆ ಹೊಲಾ ಐತಿ, ಪಡಾ ಐತಿ, ಬಂಗ್ಲೆ ಐತಿ. ಉಸುಕ ಇಲ್ಲ."

"ಇತ್ರಿ. ಗ್ವಾಡಿಗೆ ಹೋತು."

"ನಮ್ಮ ಮಗಳ ಮನಿಗ್ವಾಡಿಗೆ ಹೋಗೇತಿ ಅಂದ್ರ ಇರಲಿ ಬಿಡು. ಒಯ್ಯಿ. ನೀರ ತಿಳಿ ಆದ ದಿನ ನಾನೂ ಬಂದ ನೋಡ್ತೀನಿ. ನಮ್ಮ ಉಸುಕ ಎಂಥಾದ್ದೈತಿ ಅನ್ನೂದು ಬೀಗತಿಗೂ ತಿಳೀಲಿ."

ಚೀಲಗಳನ್ನು ಗಾಡಿಗೆ ಹಾಕುವಾಗ ಆಳು ಹೆಣ್ಣುಮಕ್ಕಳು ಸುತ್ತ ನಿಂತು ನೋಡಿದರು. ಎಲ್ಲಿಗೆ ಒಯ್ಯುತ್ತೀರಿ ಅಂತ ಒಬ್ಬಳು ಕೇಳಿದಳು. ತಿಕೋಟಾಕ್ಕೆ, ನೀರು ತೊಳೆಯಲು ಅಂದೆ. ಅವಳು ಪಕ್ಕದವಳಿಗೆ ಹೇಳಿದಳು. ಅವಳು ತನ್ನ ಪಕ್ಕದವಳಿಗೆ. ನಾನು ಗಾಡಿ ತಿರುಗಿಸಿಕೊಳ್ಳುವಷ್ಟರಲ್ಲಿ ಓಣಿಯ ಕೊನೆಯ ಮನೆಯ ಮುದುಕರೊಬ್ಬರು ಕೈ ಅಡ್ಡ ಹಿಡಿದು ನಿಲ್ಲಿಸಿ ಕೇಳಿದರು:

"ತಿಕೋಟಾದಾಗ ನೀರ ತೊಳಿತಾರಂತ. ತೊಳಿಯಾಕ ಯಾವ ನೀರ ಹಾಕ್ತೀರಿ?"



೪. ನಮ್ಮ ಕಡೆಯ ಮನುಷ್ಯ

ಉಸುಕು ತುಂಬಿದೆ. ಈಗ ಫಿಲ್ಟರಿನ ಹಿಡಿಕೆಯ ಸಮಸ್ಯೆ. ಆ ಡಬ್ಬಿಯ ತಲೆಯ ಮೇಲೆ ಒಂದು ಹಿಡಿಕೆ ಇರುತ್ತದೆ. ಒಂದು ಕಡೆ ತಿರುಗಿಸಿದರೆ ಸೋಸಿದ ನೀರು ಕೊಳಕ್ಕೆ ವಾಪಸ್ ಬರುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ನೀರು ಹೊರಗಿನ ಪೈಪಿಗೆ ಹೋಗುತ್ತದೆ. ಹಿಡಿಕೆಯ ಸುತ್ತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ನನಗೆ ಆ ಇಂಗ್ಲಿಷು ಬರುವುದಿಲ್ಲ, ಆದರೆ ಅಕ್ಷರಗಳ ಆಕಾರ ಗುರುತಿದೆ. ಆಕಾರ ನೋಡಿ ಸರಿಯಾಗಿಯೇ ತಿರುಗಿಸಿದೆ. ಪಂಪು ಚಾಲೂ ಮಾಡಿದೆ. ಮುಳ್ಳು ಚಂದಾಗಿ ಮೇಲೆದ್ದಿತು. ಪಡದ ನೆರಳಿಗೆ ಹೋಗಿ, ಟವೆಲ್ ಮುಖಕ್ಕೆ ಹಾಕಿಕೊಂಡು ಒರಗಿದೆ.

ಎದ್ದು ನೋಡಿದರೆ ಕೊಳದ ನೀರು ಮೊಣಕಾಲಿನಷ್ಟು ಇಳಿದಿತ್ತು. ಯಾರೋ ಹಿಂದೆ ರಿಪೇರಿ ಮಾಡುವಾಗ ಹಿಡಿಕೆಯನ್ನು ತಿರುವುಮುರುವು ಕೂರಿಸಿದ್ದಾರೆ. ಬರೆದದ್ದು ಒಂದು, ಆಗುವುದು ಇನ್ನೊಂದು. ಹೊರಗಿನ ಪೈಪು ಎಲ್ಲಿಗೆ ಹೋಗುತ್ತದೆ ಅಂತ ಅದರ ಬೆನ್ನು ಹತ್ತಿ ಹೋದೆ. ದೊಡ್ಡವ್ವನ ದ್ರಾಕ್ಷಿ ಸಾಲುಗಳಿಗೆ ಹೋಗಿತ್ತು. ಬಳ್ಳಿಗಳ ಬುಡದಲ್ಲಿ ನೀರು ನಿಂತು ಬಿಸಿಲಿಗೆ ಹೊಳೆಯುತ್ತಿತ್ತು. ದೊಡ್ಡವ್ವ ಸಲಿಕೆ ಹಿಡಿದು ಒಂದೊಂದೇ ಸಾಲಿಗೆ ದಾರಿ ಮಾಡಿಕೊಡುತ್ತಿದ್ದರು.

ನನ್ನನ್ನು ಕಂಡರು. ಮನೆ ಕಡೆ ತಿರುಗಿ ಸೊಸೆಯನ್ನು ಕೂಗಿದರು: "ಆ ಪಾಚಿಯಾಂವಗ ಬಿಸಿರೊಟ್ಟಿ ಕೊಡವಾ. ಎಣ್ಣಿಗಾಯಿ ಐತೇನ್ ನೋಡು. ಮ್ಯಾಲೊಂದೀಟ ಬೆಣ್ಣಿ ಹಾಕು."

ಮಾಲಕರು ಊರಿನಿಂದ ಬಂದಾಗ ನಾನು ಮೂರನೇ ರೊಟ್ಟಿಯಲ್ಲಿದ್ದೆ. ಅವರು ಕೊಳ ನೋಡಿದರು, ಪಡ ನೋಡಿದರು, ನನ್ನ ತಾಟಿನಲ್ಲಿದ್ದ ಬೆಣ್ಣೆ ನೋಡಿದರು.

"ನೀವು ಯಾರ ಕಡೀಂವರಿ?" ಅಂದರು.

ಬಾಯಿಯಲ್ಲಿ ತುತ್ತು ಇತ್ತು. ನನ್ನ ಪರವಾಗಿ ದೊಡ್ಡವ್ವನೇ ಹೇಳಿದರು: "ಅವಂಗೇನೂ ಅನಬ್ಯಾಡ. ಪಾಪ, ನಿನ್ನ ಕೆಲಸಾನ ಮಾಡಾಕತ್ತಾನ. ನಾಳಿನೂ ಹಿಂಗ ಮಾಡಲಿ."

ಕಡಿಮೆಯಾದ ನೀರಿಗೆ ಬೋರು ಚಾಲೂ ಮಾಡಿ ತುಂಬಿಸಿದೆವು. ಬೋರು ಇದ್ದದ್ದೂ ದೊಡ್ಡವ್ವನ ಹೆಸರಿನಲ್ಲಿಯೇ. ಅದಕ್ಕಾಗಿ ಮಾಲಕರು ಎಷ್ಟು ಕೈಮುಗಿದರು ಅನ್ನುವುದು ಮನೆಯೊಳಗಿನ ಮಾತು, ನಾನು ನೋಡಲಿಲ್ಲ.

೫. ಡೌನಿ ಬರಂಗಿಲ್ಲ

ಹಿಡಿಕೆ ಸರಿ ಮಾಡಿ, ಗೋಡೆ ತಿಕ್ಕಿ, ಔಷಧ ಹಾಕಿ, ಹಸಿರು ತುಸು ತಿಳಿಯಾಗುವ ಲಕ್ಷಣ ಕಂಡಿತು. ಒಂದೆರಡು ದಿನ ಯಾರೂ ಕೈ ಹಚ್ಚಬೇಡಿ, ಫಿಲ್ಟರ್ ನಡೆಯುತ್ತಿರಲಿ ಅಂತ ಹೇಳಿ ನಾನು ಜೋರಾಪುರ ಪೇಟೆಗೆ ಬಂದೆ. ಇದು ನನ್ನ ಲೆಕ್ಕ. ದ್ರಾಕ್ಷಿಯವರ ಲೆಕ್ಕವೇ ಬೇರೆ. ಅವರು ಹಸಿರಿನ ಮೇಲೆ ಏನಾದರೂ ಕಂಡರೆ ಸುಮ್ಮನೆ ಕೂರುವುದಿಲ್ಲ, ಹೊಡೆಯುತ್ತಾರೆ.

ಮರುದಿನ ಫೋನ್ ಬಂತು. ಮಾಲಕರ ದನಿಯಲ್ಲಿ ಉಮೇದು ತುಂಬಿತ್ತು.

"ಹಸರ ಪೂರಾ ಹೋತ್ರಿ."

"ಇಷ್ಟ ಲಗೂನ? ಏನ ಮಾಡಿದ್ರಿ?"

"ಮೈಲುತುತ್ತ ಸುಣ್ಣಾ ಕೂಡ್ಸಿ, ಟ್ರ್ಯಾಕ್ಟರಿಗೆ ಔಷಧಾ ಹೊಡಿಯೂ ಬ್ಲೋವರ್ ಹಚ್ಚಿ, ಸುತ್ತಾ ಎರಡ ಸಲ ಹೊಡಸಿದೆ. ಒಂದ ಹನಿ ಬಿಟ್ಟಿಲ್ಲ."

ದ್ರಾಕ್ಷಿ ಎಲೆಗೆ ಡೌನಿ ಅಂತ ಒಂದು ಬೂಷ್ಟು ರೋಗ ಬರುತ್ತದೆ. ಅದಕ್ಕೆ ಹೊಡೆಯುವ ಔಷಧ ಅದು. ಬಳ್ಳಿಗೆ ಹೊಡೆದರೆ ಎಲೆಗಳ ಮೇಲೆ ನೀಲಿ ಬಣ್ಣ ಕೂರುತ್ತದೆ. ನಾನು ಗಾಡಿ ಹತ್ತಿ ತಿಕೋಟಾಕ್ಕೆ ಓಡಿದೆ.

ಪಾಚಿ ಸತ್ತಿತ್ತು, ಅದು ಸುಳ್ಳಲ್ಲ. ನೀರು ಮಾತ್ರ ಮನೆಗೆ ಬಳಿಯುವ ತಿಳಿನೀಲಿ ಸುಣ್ಣದ ಹಾಗೆ ದಪ್ಪಗೆ ನಿಂತಿತ್ತು. ಕೈ ಅದ್ದಿದೆ. ಬೆರಳು ಕಾಣಲಿಲ್ಲ. ಹೊರಗೆ ತೆಗೆದೆ. ಬೆರಳು ನೀಲಿಯಾಗಿತ್ತು. ದಂಡೆಯ ಮೇಲಿನ ಪ್ಲಾಸ್ಟಿಕ್ ಕುರ್ಚಿಗಳು, ಟಿಕೇಟ್ ಖೋಲಿಯ ಕಿಟಕಿ, ಚಾಚಾನ ಬಿಳಿ ಟೊಪ್ಪಿಗೆ, ಎಲ್ಲದರ ಮೇಲೂ ನೀಲಿ ಚುಕ್ಕೆ. ಚಾಚಾ ನನ್ನನ್ನು ಕಂಡು, "ನಾ ಬ್ಯಾಡ ಅಂದೆ. ನನಗೂ ಹೊಡದ್ರು" ಅಂದರು.

"ಮಾಲಕರ, ಇದರಾಗ ತಳಾ ಕಾಣತೈತೇನ್ರಿ?" ಅಂದೆ.

ಅವರು ದಂಡೆಯ ಮೇಲೆ ಕೂತು ಬಹಳ ಹೊತ್ತು ಒಳಗೆ ನೋಡಿದರು. ತಪ್ಪು ಆಗಿದೆ ಅಂತ ಆಗಲೇ ಅವರಿಗೆ ತಿಳಿದಿತ್ತು. ಆದರೂ ಮನುಷ್ಯನಿಗೆ ಏನಾದರೂ ಒಂದು ಲಾಭ ಬೇಕಲ್ಲ.

"ತಳಾ ಕಾಣಂಗಿಲ್ಲ, ಖರೆ" ಅಂದರು. "ಆದ್ರ ಈ ವರ್ಷ ನಮ್ಮ ಪೂಲಿಗೆ ಡೌನಿ ಬರಂಗಿಲ್ಲ."

ಅದನ್ನು ತಿಳಿ ಮಾಡಲು ಪಟಿಕ ಬೇಕಾಯಿತು. ಕ್ಷೌರ ಆದ ಮೇಲೆ ಗಲ್ಲಕ್ಕೆ ತಿಕ್ಕುವ ಕಲ್ಲು ಇದೆಯಲ್ಲ, ಅದೇ. ಕುಟ್ಟಿ ಪುಡಿ ಮಾಡಿ ನೀರಿಗೆ ಬಿಟ್ಟರೆ ಹೊಲಸು ಮೊಸರಿನ ಹಾಗೆ ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ತಿಕೋಟಾದ ಅಂಗಡಿಗಳಲ್ಲಿ ಇದ್ದಷ್ಟೂ ತಂದೆವು. ಸಾಲಲಿಲ್ಲ. ಕ್ಷೌರದಂಗಡಿಯವರು ತಮ್ಮ ಕೈಯಲ್ಲಿದ್ದ ತುಂಡುಗಳನ್ನೂ ಕೊಟ್ಟರು. ಆ ವಾರ ತಿಕೋಟಾದ ಗಂಡಸರೆಲ್ಲ ಉರಿಯುವ ಗಲ್ಲ ಹಿಡಿದುಕೊಂಡು ತಿರುಗಿದರು. ಪೂಲಿನ ಮಾಲಕರು ಎದುರಿಗೆ ಬಂದರೆ ಯಾರೂ ನಗುತ್ತಿರಲಿಲ್ಲ. ನಕ್ಕರೆ ಇನ್ನಷ್ಟು ಉರಿಯುತ್ತಿತ್ತು.

೬. ಪರಾತ

ಬಸವ ಜಯಂತಿಯ ಹಿಂದಿನ ದಿನ ತಳಕ್ಕೆ ಕೂತ ಗಸಿಯನ್ನೆಲ್ಲ ಪೈಪಿನಿಂದ ಎಳೆದು ಹೊರಗೆ ಹಾಕಿದೆ. ಬಬಲೇಶ್ವರದ ಉಸುಕು ಉಳಿದದ್ದನ್ನು ಹಿಡಿದುಕೊಂಡಿತು. ಹಬ್ಬದ ದಿನ ಮುಂಜಾನೆ ಬಿಸಿಲು ಬಿದ್ದಾಗ ಕೊಳ ನೋಡಿ ನನಗೇ ನಂಬಿಕೆ ಬರಲಿಲ್ಲ. ನೀರು ಇದೆಯೋ ಇಲ್ಲವೋ ಅಂತ ಕೈ ಅದ್ದಿ ನೋಡುವ ಹಾಗಿತ್ತು. ಆಳದ ಕಡೆಯ ಫರಸಿ ಕಲ್ಲಿನ ಸಂದುಗಳು ಗೆರೆ ಎಳೆದ ಹಾಗೆ ಕಾಣುತ್ತಿದ್ದವು.

ಮಾಲಕರು ಹೊಸ ಅಂಗಿ ಹಾಕಿಕೊಂಡಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ಬಬಲೇಶ್ವರದ ಅತ್ತೆ ಬೆಳಿಗ್ಗೆಯೇ ಬಂದು ನೀಲಿ ಚುಕ್ಕೆಯ ಕುರ್ಚಿಯ ಮೇಲೆ ಕೂತು, "ನಮ್ಮ ಉಸುಕ, ನಮ್ಮ ಉಸುಕ" ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ಚಾಚಾ ಮತ್ತು ನಾನು ಪಂಪಿನ ಹತ್ತಿರ ನಿಂತಿದ್ದೆವು.

ದೊಡ್ಡವ್ವ ಬಂದರು. ಕಂಕುಳಲ್ಲಿ ಹಿತ್ತಾಳೆಯ ಪರಾತ, ರೊಟ್ಟಿ ಹಿಟ್ಟು ಕಲಸುವ ಅಗಲವಾದ ತಾಟು. ನಮ್ಮ ಕಡೆ ಇಂಥ ಭಾಂಡೆಗಳ ಮೇಲೆ ಮನೆಯ ಹಿರಿಯರ ಹೆಸರು ಕೊರೆಸಿರುತ್ತಾರೆ, ಮದುವೆ ಕಾರ್ಯದಲ್ಲಿ ಮಂದಿಯ ಭಾಂಡೆಯೊಳಗೆ ಕಲೆಯಬಾರದು ಅಂತ.

"ಸುಮ್ಮ ತಳಾ ಕಾಣತೈತಿ ಅಂದ್ರ ನಾ ಒಪ್ಪಂಗಿಲ್ಲ" ಅಂದರು ದೊಡ್ಡವ್ವ. "ಇದನ್ನ ಆಳದ ಕಡೆ ಬಿಡ್ತೀನಿ. ಮ್ಯಾಲೆ ನಿಂತ ಹೆಸರ ಓದು."

ಪರಾತ ತೂಗುತ್ತ ತೂಗುತ್ತ ಕೆಳಗಿಳಿದು ಅಂಗಾತ ಕೂತಿತು. ಮಾಲಕರು ಒಂದೇ ಉಸಿರಿನಲ್ಲಿ ಪೂರ್ತಿ ಹೆಸರು ಓದಿಬಿಟ್ಟರು.

"ಅದು ನಿಮ್ಮಪ್ಪನ ಹೆಸರು" ಅಂದರು ದೊಡ್ಡವ್ವ. "ಅದನ್ನ ಕಣ್ಣ ಮುಚ್ಚಿನೂ ಹೇಳ್ತಿ. ಇದು ನಡಿಯಂಗಿಲ್ಲ."

"ಯವ್ವಾ, ಕಾಣತೈತಿ ಬೇ."

"ನಿಂದರು. ಇನ್ನೊಂದ ತರ್ತೀನಿ."

ಮನೆಯೊಳಗೆ ಹೋದರು. ಅಟ್ಟದ ಮೇಲೆ ಭಾಂಡೆಗಳ ಸದ್ದು ಹೊರಗೆ ಕೇಳಿಸಿತು. ಇನ್ನೊಂದು ಪರಾತ ತಂದರು, ಮೊದಲಿನದಕ್ಕಿಂತ ದೊಡ್ಡದು, ಮೇಲೆ ಧೂಳು. "ಇದರ ಮ್ಯಾಲೆ ಯಾರ ಹೆಸರೈತಿ ಅಂತ ನಿನಗೂ ಗೊತ್ತಿಲ್ಲ, ನನಗೂ ಓದಾಕ ಬರೂದಿಲ್ಲ. ಈಗ ಓದು ನೋಡೂಣು" ಅಂದು ನೀರಿಗೆ ಬಿಟ್ಟರು. ಹೋಗಿ ಹೋಗಿ ಮೊದಲಿನದರ ಪಕ್ಕದಲ್ಲಿಯೇ ಅದೂ ಅಂಗಾತ ಕೂತಿತು. ನೀರು ತೊಳೆದ ಮೇಲೆ ಅಕ್ಷರ ಇನ್ನೂ ಚಂದ ಹೊಳೆಯುತ್ತಿದ್ದವು.

ಮಾಲಕರು ಬಗ್ಗಿದರು. "ಶ್ರೀ" ಅಂತ ಗಟ್ಟಿಯಾಗಿ ಓದಿದರು. ಮುಂದಿನ ಹೆಸರನ್ನು ಅರ್ಧ ದನಿಯಲ್ಲಿ ಓದಿದರು. ಅದರ ಮುಂದಿನ ಮನೆತನದ ಹೆಸರು ತುಟಿಯಲ್ಲೇ ಉಳಿಯಿತು. ಆಮೇಲೆ ನೆಟ್ಟಗೆ ನಿಂತು ಹೆಂಡತಿಯ ಮುಖ ನೋಡಿದರು.

ಅತ್ತೆ ಕುರ್ಚಿಯಿಂದ ಎದ್ದು ದಂಡೆಗೆ ಬಂದರು. ಅವರು ಬಬಲೇಶ್ವರದಲ್ಲಿ ಸಾಲಿ ಕಲಿತವರು.

"ಯಾಕ ನಿಂದರಿಸಿದಿರಿ ಅಳಿಯಾರ? ಕೆಳಗ ಊರ ಹೆಸರೂ ಐತಿ, ಓದ್ರಿ."

ಮಾಲಕರು ಓದಲಿಲ್ಲ. ಅತ್ತೆಯೇ ಓದಿದರು: "ಸಾಕಿನ್ ಬಬಲೇಶ್ವರ. ಇದು ನಮ್ಮ ಮಾವನವರ ಪರಾತ. ಇವರ ಮದವಿ ಗದ್ದಲದಾಗ ಕಳದಿತ್ತು. ಅಡಗಿಯಾಂವ ಒಯ್ದಾನಂತ ಹೇಳಿ ಅವನ ಕೂಡ ಇವತ್ತಿಗೂ ಮಾತ ಬಿಟ್ಟೀವಿ."

ದೊಡ್ಡವ್ವ ಸೆರಗು ಸರಿಮಾಡಿಕೊಂಡು, ಹಣೆಗೆ ಕೈ ಅಡ್ಡ ಹಿಡಿದು ನೀರಿನೊಳಗೆ ನೋಡಿದರು.

"ಎಲ್ಲೈತಿ?" ಅಂದರು. "ನನಗೇನೂ ಕಾಣವಲ್ದು."

"ಯವ್ವಾ, ಕಾಣವಲ್ದು ಅಂದ್ರ ಹೆಂಗ ಬೇ" ಅಂದರು ಮಾಲಕರು. "ಇರವಿ ಬಿದ್ರೂ ಕಾಣತೈತಿ."

"ನೀರ ಮಬ್ಬ ಐತಿ."

ಮಾಲಕರು ಇಕ್ಕಟ್ಟಿಗೆ ಬಿದ್ದರು. ಮಬ್ಬು ಅಂದರೆ ಕೊಳ ಹೋಯಿತು. ಕಾಣುತ್ತದೆ ಅಂತ ಹಟ ಹಿಡಿದರೆ ಅತ್ತೆಯ ಎದುರಿಗೆ ತಾಯಿಯನ್ನು ಕಳ್ಳಿ ಮಾಡಿದ ಹಾಗೆ. ಹೆಂಡತಿಯ ಕಡೆ ನೋಡಿದರೆ ಆಕೆ ಪಡದ ಕಡೆ ನೋಡುತ್ತಿದ್ದಳು, ಎಂದೂ ಕಾಣದ ಪಡ ಅನ್ನುವ ಹಾಗೆ.

ಅತ್ತೆಯೇ ದಾರಿ ತೋರಿಸಿದರು. ಕುರ್ಚಿ ಎಳೆದು ದಂಡೆಯ ಹತ್ತಿರ ಹಾಕಿಕೊಂಡು ಕೂತರು. "ಮಬ್ಬ ಐತಿ ಅಂತೀರಿ. ಹೌದು ಅನ್ನೂಣು. ಹಂಗಾರ ಮಾತಿನಂಗ ನೀರೆಲ್ಲಾ ಪಡಕ್ಕ ಬಿಡ್ರಿ ಬೀಗತ್ಯಾರ. ನಾ ಇಲ್ಲೇ ಕುಂತಿರ್ತೀನಿ. ತಳಾ ಬರೀದಾದ ಮ್ಯಾಲೆ ನಾನ ಇಳದು ನೋಡ್ತೀನಿ."

ದೊಡ್ಡವ್ವ ಪರಾತ ನೋಡಿದರು, ಪೈಪು ನೋಡಿದರು, ಪಡ ನೋಡಿದರು. ಅಷ್ಟು ದಿನ ಕಾದ ನೀರು ಎದುರಿಗಿತ್ತು.

"ಹಬ್ಬದ ದಿನ ತುಂಬಿದ ನೀರ ಚೆಲ್ಲಬಾರದು" ಅಂದರು ಕಡೆಗೆ. "ಇರಲಿ ಬಿಡು ತಮ್ಮಾ. ಈಜ್ರಿ."

"ತಳಾ ಕಂಡಂಗಾತಲ್ಲ ಹಂಗಾರ?" ಮಾಲಕರು ಕೇಳಿದರು. ಅವರಿಗೆ ತಡೆಯಲಾಗಲಿಲ್ಲ.

"ಕಂಡೈತಿ ಅಂತ ನಾ ಎ‌ಲ್ಲಿ ಅಂದೆ? ಈಜ್ರಿ ಅಂದೆ."

ಆಮೇಲೆ ದೊಡ್ಡವ್ವನ ದನಿ ಬಹಳ ಮೆತ್ತಗಾಯಿತು. "ಬರ್ರಿ ಬೀಗತ್ಯಾರ, ಹೋಳಿಗಿ ಆರ್ತಾವ. ಉಂಡ ಬಂದ ಕುಂತು ನಿವಾಂತ ನೋಡೂರಂತ" ಅಂದು ಅತ್ತೆಯ ಕೈ ಹಿಡಿದು ಎಬ್ಬಿಸಿದರು. ಅತ್ತೆ ಎರಡು ಹೆಜ್ಜೆಗೊಮ್ಮೆ ತಿರುಗಿ ನೀರಿನೊಳಗೆ ನೋಡುತ್ತ ಒಳಗೆ ಹೋದರು. ಮಾಲಕರು ಆಗಲೇ ಹೊಸ ಅಂಗಿಯ ಗುಂಡಿ ಬಿಚ್ಚುತ್ತಿದ್ದರು.

ಬಂದವರನ್ನೆಲ್ಲ ಪಂಕ್ತಿಗೆ ಕೂರಿಸಿ, ತುಪ್ಪದ ಗಿಂಡಿ ಸೊಸೆಯ ಕೈಗೆ ಕೊಟ್ಟು, ದೊಡ್ಡವ್ವ ಹಿತ್ತಲ ಬಾಗಿಲಿನಿಂದ ಪಂಪಿನ ಹತ್ತಿರ ನನ್ನ ಕಡೆ ಬಂದರು.

"ತಮ್ಮಾ, ನೀ ಶಾಣ್ಯಾ ಅದಿ. ಆ ಪಾಚಿ ಹೊಳ್ಳಿ ಬರಾಕ ಎಷ್ಟ ದಿನಾ ಬೇಕು?"

"ಫಿಲ್ಟರ್ ಬಂದ ಮಾಡಿ, ಔಷಧ ಹಾಕದ ಬಿಟ್ರ, ಈ ಬಿಸಲಿಗೆ ನಾಕೈದ ದಿನಾರೆ ಬೇಕ್ರಿ."

ದೊಡ್ಡವ್ವ ಅಡುಗೆಮನೆಯ ಕಡೆ ಒಮ್ಮೆ ಕಿವಿ ಕೊಟ್ಟರು. ಒಳಗೆ ಎರಡನೇ ಸಲ ಹೋಳಿಗೆ ಬಡಿಸುವ ಸದ್ದು ಕೇಳುತ್ತಿತ್ತು.

"ಊಟಾ ಮುಗಿಯೂದ್ರಾಗ ಆಗಂಗಿಲ್ಲೇನು?" ಅಂದರು.